ಅರ್ಧ ಹೋಳಿಗೆ ಬಿಟ್ಟು ಎದ್ದವಳು

ನನ್ನ ಹೊಟ್ಟೆ ನನ್ನದು ಎಂದು ನನಗೆ ಅನಿಸಿದ್ದೇ ಕಡಿಮೆ. ಬಸವನ ಬಾಗೇವಾಡಿಯ ತವರುಮನೆಯಲ್ಲಿ ಅದು ಅವ್ವನ ಸ್ವತ್ತಾಗಿತ್ತು. ಮದುವೆಯಾಗಿ ಮುದ್ದೇಬಿಹಾಳಕ್ಕೆ ಬಂದ ಮೇಲೆ ಅತ್ತೆಯ ಸ್ವತ್ತಾಯಿತು. ಬಸ್ಸು ಹತ್ತಿದರೆ ಕಂಡಕ್ಟರನಿಗೂ ಅದರ ಬಗ್ಗೆ ಹೇಳಲು ಏನಾದರೂ ಇರುತ್ತಿತ್ತು. "ಅಕ್ಕಾರ, ಇಬ್ಬರ ಸೀಟ ಹಿಡದೀರಿ, ಎರಡ ತಿಕೀಟ ಹರೀಲೇನ್ರಿ?" ಎಂದು ಅವನು ಕೇಳಿದರೆ ಇಡೀ ಬಸ್ಸು ಘೊಳ್ಳೆಂದು ನಗುತ್ತಿತ್ತು. ನಗದೆ ಇದ್ದವರು ಇನ್ನೂ ಕೆಟ್ಟವರು. ಅವರು ಮರುಕದಿಂದ ನೋಡಿ, ನಮ್ಮ ಮನೆಯಲ್ಲಿ ಎಮ್ಮೆ ಎಷ್ಟಿವೆ ಎಂದು ವಿಚಾರಿಸುತ್ತಿದ್ದರು.

ನಾನು ದಪ್ಪಗಿದ್ದೆ. ಮೈಕೈ ತುಂಬಿಕೊಂಡಿದ್ದಾಳೆ ಎಂದು ನಯವಾಗಿ ಹೇಳಿ ಮುಗಿಸುವಂಥ ದಪ್ಪವಲ್ಲ. ಅಪ್ಪನ ಅಡತಿ ಅಂಗಡಿಯಲ್ಲಿ ಶೇಂಗಾ ಚೀಲ ತೂಗುವ ಹಮಾಲರು ನನ್ನನ್ನು ಕಣ್ಣಿನಲ್ಲೇ ತೂಗಿಬಿಡುತ್ತಿದ್ದರು. ನೆಲಕ್ಕೆ ಕೂತರೆ ಏಳಲು ಒಬ್ಬರು ಕೈ ಕೊಡಬೇಕು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಹಾಗಾಗಿ ಗೋಡೆಗೆ ದಿಂಬು ಇಟ್ಟು ಒರಗಿಕೊಂಡೇ ನಿದ್ದೆ. ಎರಡು ಹೆರಿಗೆಯಾದ ಮೇಲೆ ಮೊಣಕಾಲು ಹೋದವು, ಸಕ್ಕರೆ ಕಾಯಿಲೆ ಬಂತು. ಮನೆಯ ಮೂರು ಮೆಟ್ಟಿಲು ಹತ್ತಿ ಪಡಸಾಲೆಗೆ ಬರುವಷ್ಟರಲ್ಲಿ ಎದೆ ಡವಗುಟ್ಟುತ್ತಿತ್ತು.

ಇಷ್ಟನ್ನೂ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ಒಂದೇ. ನಾನು ಕಡಿಮೆ ಉಣ್ಣುತ್ತೇನೆ ಎಂದರೆ ಒಬ್ಬರೂ ನಂಬುತ್ತಿರಲಿಲ್ಲ. ನನ್ನ ನಾದಿನಿ ಕಡ್ಡಿಯಂತಿದ್ದಳು, ಕೂತರೆ ರೊಟ್ಟಿಯ ಬುಟ್ಟಿ ತಳ ಕಾಣುವವರೆಗೆ ಏಳುತ್ತಿರಲಿಲ್ಲ. ನಾನು ಒಂದು ರೊಟ್ಟಿಗೆ ಕೈ ತೊಳೆದರೆ, ಒಲೆಯ ಮುಂದೆ ಕೂತಾಗಲೇ ತಿಂದು ಬಂದಿರಬೇಕು ಎಂದು ಎಲ್ಲರೂ ತೀರ್ಮಾನಿಸುತ್ತಿದ್ದರು. ಮದುವೆ ಮುಂಜಿವೆಗೆ ಹೋದರೆ ಬಡಿಸುವವರಿಗೆ ನಾನೆಂದರೆ ಹಬ್ಬ. "ಮೈಗೆ ತಕ್ಕಂಗ ಉಣ್ಣಬೇಕ್ರಿ, ನಾಚಬ್ಯಾಡ್ರಿ" ಎಂದು ಎಲೆಯ ಮೇಲೆ ಸುರಿದು, ಆಮೇಲೆ ಅಡುಗೆಮನೆಗೆ ಹೋಗಿ ಎಷ್ಟು ಸುರಿದೆವು ಎಂದು ಹೇಳಿಕೊಂಡು ನಗುತ್ತಿದ್ದರು.

ಉಪದೇಶಗಳಿಗಂತೂ ಲೆಕ್ಕವಿಲ್ಲ. ಒಬ್ಬ ಡಾಕ್ಟರರು ರೊಟ್ಟಿ ಬಿಟ್ಟು ಚಪಾತಿ ತಿನ್ನಿ ಎಂದರು. ಇನ್ನೊಬ್ಬರು ಚಪಾತಿ ಬಿಟ್ಟು ರೊಟ್ಟಿ ತಿನ್ನಿ ಎಂದರು. ಇಂಗಳೇಶ್ವರದ ದೊಡ್ಡಮ್ಮ ಹೊತ್ತು ಮುಳುಗಿದ ಮೇಲೆ ನೀರೇ ಕುಡಿಯಬೇಡ ಎಂದಳು. ನಾಲತವಾಡದಲ್ಲಿ ಒಬ್ಬ ಮುದುಕ ಅದೇನೋ ಬೇರು ಅರೆದು ಕೊಟ್ಟ. ಅದನ್ನು ಕುಡಿದು ಎರಡು ದಿನ ವಾಂತಿ ಮಾಡಿಕೊಂಡೆ, ಮೂರನೆಯ ದಿನ ಹಸಿವು ಹೆಚ್ಚಾಯಿತು.

ಅವ್ವನೊಬ್ಬಳು ಮಾತ್ರ ಯಾವ ಉಪದೇಶವನ್ನೂ ಕೊಡುತ್ತಿರಲಿಲ್ಲ. ನನಗಿಂತ ಮೊದಲು ಹುಟ್ಟಿದ ಎರಡು ಕೂಸುಗಳನ್ನು ಅವಳು ಕಳೆದುಕೊಂಡಿದ್ದಳು. ಮೂರನೆಯದು ಗುಂಡುಗುಂಡಗೆ ಉಳಿದುಕೊಂಡಿತು. ಅಲ್ಲಿಂದ ಅವಳಿಗೆ ದಪ್ಪ ಎಂದರೆ ಬದುಕು, ತೆಳ್ಳಗೆ ಎಂದರೆ ಸಾವು. ತವರಿಗೆ ಹೋದಾಗಲೆಲ್ಲ ನನ್ನ ತೋಳು ಹಿಡಿದು ನೋಡಿ, "ಇಳದೀಯಲ್ಲ ಬೇ" ಎನ್ನುತ್ತಿದ್ದಳು. ಲೋಕದಲ್ಲಿ ನಾನು ಇಳಿದದ್ದು ಕಾಣುತ್ತಿದ್ದದ್ದು ಅವಳಿಗೊಬ್ಬಳಿಗೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಮನೆಯವರ ಚಿಕ್ಕಪ್ಪನ ಮಗ ಮುಂಬೈಯಲ್ಲಿ ಡಾಕ್ಟರನಾಗಿದ್ದ. ಪರದೇಶದಲ್ಲಿ ಕಲಿತು ಬಂದ ಸರ್ಜನ್ ಒಬ್ಬರು ಇಂಥ ಮೈಗೆ ಆಪರೇಶನ್ ಮಾಡುತ್ತಾರೆ ಎಂದು ಅವನು ಹೇಳಿದ. ಕರುಳಿನ ಬಹುಪಾಲನ್ನು ಬದಿಗೆ ಸರಿಸಿ, ಮೇಲಿನ ತುದಿಯನ್ನು ಕೆಳಗಿನ ತುದಿಗೆ ಹೊಲಿದುಬಿಡುವುದು. ತಿಂದದ್ದು ಮೈಗೆ ಹತ್ತುವ ಮೊದಲೇ ಹೊರಗೆ ಹೋಗುತ್ತದೆ. ಹೊಸದು, ಅಪಾಯವಿದೆ, ಆಮೇಲೆ ಹೊಟ್ಟೆ ಜನ್ಮಕ್ಕೆಲ್ಲ ಸಡಿಲವಾಗಿರುತ್ತದೆ ಎಂದೂ ಮುಚ್ಚುಮರೆಯಿಲ್ಲದೆ ಹೇಳಿದ. ಹಾಸಿಗೆಯಲ್ಲಿ ಕಾಲು ಚಾಚಿ ಮಲಗಬಹುದೇ ಎಂದಷ್ಟೇ ನಾನು ಕೇಳಿದೆ. ಮಲಗಬಹುದು ಎಂದ. ಹಾಗಾದರೆ ಹೊಲಿಯಿರಿ ಎಂದೆ.

ಅವ್ವ ಹೌಹಾರಿದಳು. "ನಾ ಉಣಿಸಿ ಬೆಳಸಿದ ಮೈ ಐತದು. ನಿನಗ ಯಾವಾಗ ಭಾರ ಆತು?" ಎಂದಳು. ಹೊರುತ್ತಿರುವವಳು ನಾನಲ್ಲವೇ ಎಂದರೆ ಮುಖ ತಿರುಗಿಸಿದಳು. ಕೊನೆಗೆ ಒಂದು ಕರಾರು ಹಾಕಿದಳು. ಆಪರೇಶನ್ ಮಾತು ಹೊರಗೆ ಹೋಗಬಾರದು. ನನ್ನ ತಂಗಿಗೆ ಇನ್ನೂ ಮದುವೆಯಾಗಿರಲಿಲ್ಲ. "ಹೊಟ್ಟಿ ಕೊಯ್ಸಿಕೊಂಡ ಮನಿತನ ಅಂತಾರ. ಯಾರ ಬರ್ತಾರ ಆಕೀನ ನೋಡಾಕ?" ಎಂಬುದು ಅವಳ ವಾದ. ಹಾಗಾಗಿ ನಾನು ಮುಂಬೈಗೆ ಹೋದದ್ದು ಊರಿನ ಲೆಕ್ಕದಲ್ಲಿ ಸಮುದ್ರ ನೋಡುವುದಕ್ಕೆ. ಸಮುದ್ರ ನಾನು ನೋಡಲೇ ಇಲ್ಲ.

ಮರಳಿ ಬಂದ ಮೇಲೆ ಮೈ ಇಳಿಯತೊಡಗಿತು. ಜಂಪರುಗಳ ಹೊಲಿಗೆ ಹಿಡಿದು ಹಿಡಿದು ಸಿಂಪಿಗರವನಿಗೆ ಬೇಸರ ಬಂತು. ಗೋಡೆಯ ದಿಂಬು ತೆಗೆದು ಮಲಗಿದ ಮೊದಲ ದಿನ ನನಗಾದ ಸುಖವನ್ನು ಹೇಳಲಾರೆ. ಇನ್ನಾದರೂ ಜನ ಬಾಯಿ ಮುಚ್ಚುತ್ತಾರೆ ಎಂದುಕೊಂಡಿದ್ದೆ. ಎಲ್ಲಿಯ ಮಾತು! ನನ್ನನ್ನು ನೋಡಿ ನಗುತ್ತಿದ್ದವರೇ ಈಗ ಕಣ್ಣಲ್ಲಿ ನೀರು ತಂದುಕೊಂಡರು. "ಅಯ್ಯ ಯವ್ವಾ, ಹೆಂಗಿದ್ದಾಕಿ ಹೆಂಗಾದಿ! ಎಂಥಾ ಕಳೆ ಇತ್ತ ಮಾರಿಗೆ!" ಆ ಕಳೆ ಇದ್ದಾಗ ಅವರು ಅದನ್ನು ಯಾಕೆ ಹೇಳಲಿಲ್ಲವೋ ಗೊತ್ತಿಲ್ಲ.

ಪಾಪ, ಎಲ್ಲರಿಗಿಂತ ಹೆಚ್ಚು ಪೇಚಿಗೆ ಸಿಕ್ಕಿದವಳು ನಮ್ಮತ್ತೆ. ಸೊಸೆಯನ್ನು ಉಪವಾಸ ಕೆಡವುತ್ತಿದ್ದಾಳೆ ಎಂದು ಓಣಿಯಲ್ಲಿ ಗುಸುಗುಸು ಎದ್ದಿತು. ನಿಜ ಹೇಳುವ ಹಾಗಿಲ್ಲ. ಅವಳು ಒಂದು ಉಪಾಯ ಹುಡುಕಿದಳು. ದಿನಾ ಮಧ್ಯಾಹ್ನ ನನ್ನನ್ನು ಮನೆಮುಂದಿನ ಕಟ್ಟೆಯ ಮೇಲೆ ಕೂರಿಸಿ, ಹೋಗಿಬರುವವರಿಗೆ ಕಾಣುವಂತೆ ತಾಟು ತುಂಬ ಉಣ್ಣಲು ಕೊಡುವುದು. "ಇಲ್ಲೇ ಕುಂತ ಉಣ್ಣು. ನನ್ನ ಮರ್ಯಾದಿ ಪ್ರಶ್ನೆ ಐತಿ" ಎಂದು ಬಾಗಿಲಲ್ಲಿ ಕಾವಲು ನಿಲ್ಲುತ್ತಿದ್ದಳು. ನಾನು ಪುಂಡಿಪಲ್ಯೆ ರೊಟ್ಟಿಯನ್ನು ಮಂದಿಗೆ ತೋರಿಸಿ ತೋರಿಸಿ ತಿನ್ನಬೇಕು. ತಿಂದು ಮುಗಿಯುವ ಮೊದಲೇ ಒಳಗೆ ಓಡಬೇಕು.

ಓಡುವುದು ಎಂದೆನಲ್ಲ, ಅದೇ ನನ್ನ ಹೊಸ ಬದುಕು. ಆ ಕಾಲದಲ್ಲಿ ಹೆಂಗಸರು ಬೆಳಕು ಹರಿಯುವ ಮೊದಲು ಒಮ್ಮೆ, ಕತ್ತಲಾದ ಮೇಲೆ ಒಮ್ಮೆ ಚರಿಗೆ ಹಿಡಿದು ಬಯಲಿಗೆ ಹೋಗಿಬರಬೇಕು, ನಡುವೆ ಹೊಟ್ಟೆ ಎಂಬುದು ಇರಬಾರದು. ನನ್ನ ಹೊಟ್ಟೆಗೆ ಸೂರ್ಯನ ಭಯವಿರಲಿಲ್ಲ. ನಮ್ಮ ಮನೆಯವರು ಹಿತ್ತಲಲ್ಲಿ ಪಾಯಖಾನೆ ಕಟ್ಟಿಸಿದರು. ಮನೆಯ ಬೆನ್ನಿಗೇ ಇಂಥದ್ದು ಕಟ್ಟಿಸುತ್ತಾರೆಯೇ ಎಂದು ನೆರೆಯವರು ಮೂಗು ಮುಚ್ಚಿಕೊಂಡರು, ಆಮೇಲೆ ನೋಡಲು ಬಂದರು. ತುಪ್ಪ, ಎಣ್ಣೆ, ಕೊಬ್ಬರಿ ಯಾವುದು ಬಿದ್ದರೂ ನನಗೆ ಅರ್ಧ ಗಳಿಗೆಯ ಪುರಸೊತ್ತು ಇರುತ್ತಿರಲಿಲ್ಲ. ಎಲ್ಲಿಗಾದರೂ ಹೋಗಬೇಕಾದರೆ ಹಿಂದಿನ ದಿನವೇ ಊಟ ಬಿಟ್ಟು, ಬಸ್ಸು ಎಲ್ಲೆಲ್ಲಿ ನಿಲ್ಲುತ್ತದೆ, ಅಲ್ಲಿ ಮರೆ ಇದೆಯೇ ಎಂದು ಯೋಚಿಸಬೇಕಿತ್ತು.

ಇಂಥ ಹೊತ್ತಿನಲ್ಲಿ ತಂಗಿಯ ಸಂಬಂಧ ಕೂಡಿಬಂತು. ಅವಳು ಇಂಡಿ ಊರಿನ ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುತ್ತಿದ್ದಳು. ನೋಡಲು ಬಂದವರೆಲ್ಲ ಹೆಣ್ಣನ್ನು ಒಪ್ಪುತ್ತಿದ್ದರು, ನೌಕರಿಯನ್ನು ಒಪ್ಪುತ್ತಿರಲಿಲ್ಲ. ಮದುವೆಯಾದ ಮೇಲೆ ಬಿಡಬೇಕು ಎಂದರೆ ಇವಳು ಒಲ್ಲೆ ಎನ್ನುತ್ತಿದ್ದಳು. ಸಿಂದಗಿಯ ಈ ಹುಡುಗನಿಗೂ ಇಂಡಿಯಲ್ಲೇ ಕೆಲಸ. ಸಾಲೆಗೆ ಹೋಗಲಿ, ನನಗೆ ಸಂತೋಷವೇ ಎಂದು ಅವನು ತಾನಾಗಿ ಹೇಳಿದ್ದ. ತಂಗಿ ನನ್ನ ಕಿವಿಯಲ್ಲಿ, "ಅಕ್ಕಾ, ಇದೊಂದು ಕೆಡಬಾರದು" ಎಂದಿದ್ದಳು. ಬೇಡಿಕೊಳ್ಳುವ ಸ್ವಭಾವದವಳಲ್ಲ ಅವಳು. ಅಷ್ಟು ಹೇಳಿದ್ದೇ ಹೆಚ್ಚು.

ನಮ್ಮ ಕಡೆ ಸಂಬಂಧದ ಮಾತಿನಲ್ಲಿ ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಹೋಗುತ್ತಾರೆ. ಮನಸ್ಸಿಗೆ ಬಂದರೆ ಅಲ್ಲೇ ಸಿಹಿ ಊಟ ಮಾಡುತ್ತಾರೆ. ಬರದಿದ್ದರೆ ಚಹಾ ಕುಡಿದು, ಬಸ್ಸಿಗೆ ಹೊತ್ತಾಯಿತು ಎಂದು ಏಳುತ್ತಾರೆ. ಎಲ್ಲರಿಗೂ ಎಲ್ಲ ತಿಳಿಯುತ್ತದೆ. ಆದರೆ ಹೋಳಿಗೆ ಹಾಕಿಸಿಕೊಂಡು ಅರ್ಧಕ್ಕೆ ಎದ್ದುಹೋಗುವುದೆಂದರೆ, ಕೂತ ಮನೆಯ ಮೇಲೆ ಉಗುಳಿದ ಹಾಗೆ.

ನಾನು ಬರುವುದಿಲ್ಲ ಎಂದು ಬಡಕೊಂಡೆ. ಒಡಹುಟ್ಟಿದ ಅಕ್ಕ ಬರದಿದ್ದರೆ ಏನೆಂದುಕೊಂಡಾರು ಎಂದು ಅವ್ವ ಎಳೆದುಕೊಂಡು ಹೋದಳು. ಹುಡುಗನ ತಾಯಿ ತೀರಿಕೊಂಡಿದ್ದಳು, ಮನೆಯ ಯಜಮಾನಿಕೆ ಅಜ್ಜಿಯದು. ಮಾತು ಚೂರಿಯಂತಿದ್ದ ಆ ಆಯಿ ಯಾರ ಕೈಗೂ ಕೊಡದೆ ತಾನೇ ತುಪ್ಪದ ಗಿಂಡಿ ಹಿಡಿದು ಸಾಲಿನಲ್ಲಿ ಬಂದಳು. ನನ್ನ ಮುಂದೆ ನಿಂತು, ಗಲ್ಲದ ಎಲುಬು ನೋಡಿ, "ನಿನಗ ಬೇಕವಾ ಇದು" ಎಂದು ಹೋಳಿಗೆ ಮುಳುಗುವಷ್ಟು ಸುರಿದಳು. ಬೇಡ ಎನ್ನುವುದಕ್ಕೆ ಬಾಯಿ ತೆರೆದೆ. ಪಕ್ಕದಲ್ಲಿದ್ದ ಅವ್ವ ನನ್ನ ತೊಡೆ ಚಿವುಟಿದಳು. ತಿಂದೆ.

ಅರ್ಧ ಹೋಳಿಗೆ ಮುಗಿಯುವಷ್ಟರಲ್ಲಿ ಹೊಟ್ಟೆ ಕರೆಯಿತು. ಸೆರಗು ಬಿಗಿಹಿಡಿದು ಎದ್ದೆ. ಸಾಲಿನಲ್ಲಿದ್ದವರ ಕೈಗಳು ಎಲೆಯ ಮೇಲೆ ಹಾಗೇ ನಿಂತವು. ಗುರುತಿಲ್ಲದ ಮನೆ, ಹಿತ್ತಲು ಎತ್ತ, ಮೇವಿನ ಬಣವಿ ಎತ್ತ ಎಂದು ಗೊತ್ತಿಲ್ಲ, ಕೇಳಲು ನಾಚಿಕೆ. ಹೇಗೋ ಮರೆ ಹುಡುಕಿ, ಮುಗಿಸಿಕೊಂಡು ಬಂದಾಗ ಊಟ ಮುಗಿದಿತ್ತು. ನನ್ನ ಎಲೆ ಹಾಗೇ ಇತ್ತು. ಅದನ್ನು ಯಾರೂ ಎತ್ತಿರಲಿಲ್ಲ. ನನಗೆ ತಲೆಸುತ್ತು ಬಂದಿತ್ತೆಂದು ಅವ್ವ ಅವರಿಗೆ ಹೇಳಿದಳು. ಆಯಿ ಕುಂಕುಮ ಹಚ್ಚಿ ಕಳಿಸಿದಳು.

ಎಂಟು ದಿನಕ್ಕೆ ಸಂಬಂಧದ ಮಾತು ತಂದಿದ್ದ ಹಿರಿಯರು ಬಾಗೇವಾಡಿಗೆ ಬಂದು ಆಯಿಯ ಮಾತನ್ನು ಹಾಗೇ ಒಪ್ಪಿಸಿದರು. "ನಿಮ್ಮ ದೊಡ್ಡ ಮಗಳಿಗೆ ನಮ್ಮ ಮನಿ ಹೋಳಿಗಿ ಸೇರಲಿಲ್ಲಂತ. ಇಲ್ಲಾಂದ್ರ ಆಕೀಗೆ ಕ್ಷಯದಂಥಾದ್ದು ಏನೋ ಐತಂತ. ಯಾವದಿದ್ರೂ ನಮಗ ಬ್ಯಾಡಂತ."

ನಾನು ಆಗ ತವರಿನಲ್ಲೇ ಇದ್ದೆ. ನಿಜ ಹೇಳಿಬಿಡೋಣ ಎಂದೆ. ಅವ್ವ ಬಾಯಿ ಮುಚ್ಚಿಸಿದಳು. ಕ್ಷಯ ಇಲ್ಲ ಎಂದು ಹೇಳಿಸೋಣ, ಆಪರೇಶನ್ ಎಂದರೆ ಇನ್ನೂ ಕೆಡುತ್ತದೆ ಎಂದಳು. ಕ್ಷಯ ಇಲ್ಲದಿದ್ದರೆ ಹೋಳಿಗೆ ಸೇರಲಿಲ್ಲ ಎಂದಾಯಿತಲ್ಲ, ಅದಕ್ಕೇನು ಹೇಳುತ್ತೀ ಎಂದೆ. ತಂಗಿ ಯಾರನ್ನೂ ಬೈಯಲಿಲ್ಲ. ಮರುದಿನ ಬೆಳಿಗ್ಗೆ ಏನೂ ತಿನ್ನದೆ ಇಂಡಿಯ ಬಸ್ಸು ಹತ್ತಿದಳು. ಬಸ್ಸಿನ ಕಿಟಕಿಯಿಂದ ನನಗೆ ಕೈ ಮಾಡಿದಳು. ಬೈದಿದ್ದರೆ ಚೆನ್ನಾಗಿತ್ತು. ಇಷ್ಟು ವರ್ಷ ನನ್ನ ಮೈ ನನ್ನೊಬ್ಬಳ ತಲೆನೋವಾಗಿತ್ತು, ಈಗ ಅವಳ ಬದುಕಿಗೂ ಅಡ್ಡ ಬಂದಿತ್ತು.

ಮುದ್ದೇಬಿಹಾಳಕ್ಕೆ ಹೋಗಿ ಮನೆಯವರಿಗೊಬ್ಬರಿಗೆ ಹೇಳಿದೆ. ಒಂದು ದಿನ ಪೂರ್ತಿ ಉಪವಾಸವಿದ್ದು, ತಾಳಿಕೋಟೆಯಲ್ಲಿ ಬಸ್ಸು ಬದಲಿಸಿ, ಬಿಸಿಲೇರುವಷ್ಟರಲ್ಲಿ ಒಬ್ಬಳೇ ಸಿಂದಗಿಗೆ ಹೋಗಿ ನಿಂತೆ. ಆಯಿ ಪಡಸಾಲೆಯಲ್ಲಿ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದಳು. ತಲೆಯೆತ್ತಿ ನೋಡಿ, "ಏನ, ಉಳದ ಅರ್ಧ ಹೋಳಿಗಿ ತಿನ್ನಾಕ ಬಂದೀಯೇನು?" ಎಂದಳು.

ನನಗೆ ತಲೆಕೆಟ್ಟು ಹೋಗಿತ್ತು. ಬಾಗಿಲು ಮುಂದಕ್ಕೆ ಎಳೆದು, ಸೀರೆ ಸಡಿಲಿಸಿ, ಎದೆಯ ಕೆಳಗಿನಿಂದ ಹೊಕ್ಕುಳ ದಾಟಿ ಇಳಿದಿದ್ದ ಹೊಲಿಗೆಯ ಗೆರೆ ತೋರಿಸಿದೆ.

"ಇದೇನ ಯವ್ವಾ! ಯಾರ ಚೂರಿ ಹಾಕಿದ್ರು?"

"ಡಾಕ್ಟರ್ರೀ. ನಾನ ಹೇಳಿ ಹಾಕಿಸಿಕೊಂಡೇನಿ, ಮೈ ಇಳೀಲಿ ಅಂತ. ಮೊದಲ ಈ ನಿಮ್ಮ ಬಾಗಲದಾಗ ಹಾಯ್ತಿದ್ದಿಲ್ಲ ನಾನು."

"ಜಡ್ಡಿಲ್ಲಾ ಹಂಗಾರ?"

"ಆ ಮೈಯೇ ಜಡ್ಡ ಆಗಿತ್ರಿ. ಕುಂತ್ರ ಏಳಾಕ ಬರ್ತಿದ್ದಿಲ್ಲ, ಮಲಗಿದ್ರ ಉಸಿರ ಆಡ್ತಿದ್ದಿಲ್ಲ. ನಿಮ್ಮ ಹೋಳಿಗಿ ಭಾಳ ಚಲೋ ಇತ್ರಿ ಆಯಿ. ತುಪ್ಪ ನನ್ನ ಹೊಟ್ಯಾಗ ನಿಲ್ಲಂಗಿಲ್ಲ. ಆವತ್ತ ನಿಮ್ಮ ಬಣವಿ ಹಿಂದ ಓಡಿಹೋಗಿ ಕುಂತಿದ್ದೆ."

ಆಯಿ ಮೊರ ಕೆಳಗಿಟ್ಟಳು. ಮೊದಲು ಹೊಟ್ಟೆ ಕುಲುಕಿತು, ಆಮೇಲೆ ಭುಜ ಕುಲುಕಿತು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಯ್ಯ ನಮ್ಮವ್ವ, ಬಾಯಿ ಬಿಟ್ಟ ಕೇಳಿದ್ರ ಚರಿಗಿ ಕೊಡ್ತಿದ್ನೆಲ್ಲ!" ಎಂದು ನಕ್ಕಳು. ನಾನು ನಗಲಿಲ್ಲ.

"ನಗಬ್ಯಾಡ್ರಿ ಆಯಿ. ನನ್ನ ತಂಗಿ ಗಟ್ಟಿ ಅದಾಳ. ನಿಮ್ಮ ಮನಿಗೇ ಬರಬೇಕಂತ ಆಕಿ ಮನಸೈತಿ. ನನ್ನ ಹೊಟ್ಟಿ ಸಲುವಾಗಿ ಆಕಿ ನಸೀಬ ಕೆಡಸಬ್ಯಾಡ್ರಿ."

ಆಯಿ ನಗು ನಿಲ್ಲಿಸಿದಳು. ತೊಗರಿಯ ಧೂಳಿದ್ದ ಬೆರಳಿನಿಂದ ಗೆರೆಯನ್ನು ಮೇಲಿನಿಂದ ಕೆಳಗಿನವರೆಗೆ ಮೆಲ್ಲಗೆ ಸವರಿದಳು.

"ಭಾಳ ನೋವಾತೇನವಾ?"

ಇಷ್ಟು ದಿನದಲ್ಲಿ ಅದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಎಷ್ಟು ಇಳಿದೆ ಎಂದು ಕೇಳಿದ್ದರು, ಯಾಕೆ ಸೊರಗಿದೆ ಎಂದು ಕೇಳಿದ್ದರು. ನಾನು ಅಲ್ಲೇ ಅತ್ತುಬಿಟ್ಟೆ. ಅತ್ತದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಆಯಿ ಸೀರೆ ಸರಿಮಾಡಿಕೊಳ್ಳಲು ಹೇಳಿ, ಎಣ್ಣೆ ಒಗ್ಗರಣೆ ಇಲ್ಲದ ಮಜ್ಜಿಗೆ ತಂದುಕೊಟ್ಟಳು. "ನಿಮ್ಮವ್ವಗ ಹೇಳು, ಮಾತ ಪಕ್ಕಾ. ಮುಚ್ಚಿಡಾಕಿ ಅಕ್ಕ ಇದ್ರ ತಂಗಿ ಹೆಂಗಿರ್ತಾಳೋ ಅಂತ ಅಂಜಿದ್ದೆ. ಹೊಟ್ಟಿ ತಗದು ತೋರಸಾಕಿ ಇದ್ರ ಅಡ್ಡಿಯಿಲ್ಲ" ಎಂದಳು.

ಸಂಬಂಧ ಉಳಿಯಿತು, ಗುಟ್ಟು ಉಳಿಯಲಿಲ್ಲ. ಮುಂದಿನ ಸಂತೆಯಷ್ಟೊತ್ತಿಗೆ ಸಿಂದಗಿ, ಇಂಡಿ, ಬಾಗೇವಾಡಿ ಎಲ್ಲ ಕಡೆ ಸುದ್ದಿ. ಮುದ್ದೇಬಿಹಾಳದ ಮನೆಗೆ ಗುರುತಿಲ್ಲದ ಹೆಂಗಸರು ಬಂದು, "ಗೆರಿ ತೋರಸ್ರೀ ಅಕ್ಕಾರ" ಎಂದು ಕೂತರು. ಕರುಳು ಹಾವಿನ ಕರುಳಂತೆ, ಹೊಟ್ಟೆಯೊಳಗೆ ಚೀಲ ಇಟ್ಟಿದ್ದಾರಂತೆ ಎಂದೆಲ್ಲ ಹಬ್ಬಿತು. ನಮ್ಮತ್ತೆ ಮಾತ್ರ ನಿರಾಳವಾದಳು. ಕಟ್ಟೆಯ ಮೇಲಿನ ಊಟ ಅಂದಿಗೇ ನಿಂತಿತು.

ಅವ್ವ ನನ್ನ ಸಂಗಡ ಮಾತು ಬಿಟ್ಟಳು. ಮಗಳ ಮದುವೆ ಗಟ್ಟಿಯಾದದ್ದಕ್ಕೆ ಊರಿಗೆಲ್ಲ ಸಕ್ಕರೆ ಹಂಚಿದವಳು ನನ್ನ ಮುಖ ನೋಡಲಿಲ್ಲ. ನನ್ನ ಮೈ ಕಡಿಮೆಯಾಯಿತೆಂದು ಸಿಟ್ಟೋ, ಅದನ್ನು ಬೀಗರಿಗೆ ತೆರೆದು ತೋರಿಸಿದೆನೆಂದು ಸಿಟ್ಟೋ ತಿಳಿಯಲಿಲ್ಲ. ಕೇಳಿದರೆ ಒಲೆ ಊದುತ್ತಿದ್ದಳು.

ಮದುವೆ ಬಾಗೇವಾಡಿಯಲ್ಲಿ, ತವರಿನ ಮುಂದಿನ ಹಂದರದಲ್ಲಿ. ಬೀಗರ ಕಡೆಯ ಹೆಂಗಸರು ಬಯಲಿಗೆ ಹೋಗದಿರಲೆಂದು ಹಿತ್ತಲಲ್ಲಿ ಬಿದಿರಿನ ತಟ್ಟಿ ಕಟ್ಟಿ ಮರೆ ಮಾಡಿದ್ದರು. ಆಯಿ ಬಂದಿಳಿದವಳೇ ನನ್ನನ್ನು ತೋರಿಸಿ, "ಈಕೀಗೆ ಯಾರೂ ತುಪ್ಪ ನೀಡಬ್ಯಾಡ್ರಿ" ಎಂದು ಅಡುಗೆಯವರಿಗೆಲ್ಲ ಕೂಗಿ ಹೇಳಿದಳು. ಹಂದರದ ತುಂಬ ಕೇಳಿಸಿತು. ನಾನು ಹಿಂದಿನ ದಿನದಿಂದ ಖಾಲಿ ಹೊಟ್ಟೆಯಲ್ಲಿದ್ದೆ. ಅಕ್ಷತೆ ನೋಡಬೇಕು, ತಂಗಿಯ ಬೆನ್ನಿಗೆ ನಿಲ್ಲಬೇಕು ಎಂಬ ಒಂದೇ ಆಸೆ.

ಬೆಳಗಿನ ನಾಷ್ಟದ ಗದ್ದಲದಲ್ಲಿ ಅವ್ವ ಬಂದಳು. ಕೈಯಲ್ಲಿ ಸಣ್ಣ ತಾಟು, ತಾಟಿನಲ್ಲಿ ಶಿರಾ. ತಿಂಗಳುಗಟ್ಟಲೆ ಮಾತಾಡದವಳು ಎದುರಿಗೆ ಕುಕ್ಕರಗಾಲಲ್ಲಿ ಕೂತು, "ಒಂದ ತುತ್ತ ತಿನ್ನ ಬೇ. ಶುಭದ ದಿನ ಐತಿ" ಎಂದು ಬಾಯಿಯ ಹತ್ತಿರ ತಂದಳು. ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ತಿಂದೆ. ಇನ್ನೊಂದು ಎಂದಳು, ಅದನ್ನೂ ತಿಂದೆ.

ಅಯ್ಯನವರು ಮಂತ್ರ ಮುಗಿಸುತ್ತ ಬಂದರು. ಎಲ್ಲರ ಕೈಗೂ ಅಕ್ಷತೆ ಹಂಚಿದರು. ತಂಗಿ ಒಮ್ಮೆ ತಿರುಗಿ ನಾನಿದ್ದೇನೆಯೇ ಎಂದು ನೋಡಿ ನಕ್ಕಳು. ಆಗಲೇ ಹೊಟ್ಟೆ ಕರೆಯಿತು. ತಡೆದೆ, ಬೆವರಿದೆ, ತಡೆಯಲಾಗಲಿಲ್ಲ. ಜನರನ್ನು ನೂಕಿಕೊಂಡು ಹಿತ್ತಲಿಗೆ ಓಡಿದೆ. ತಟ್ಟಿಯ ಒಳಗೆ ಕೂತಿದ್ದಾಗ ಬಾಜಾ ಒಮ್ಮೆಲೆ ಜೋರಾಯಿತು. ಈ ಮದುವೆ ಆಗಲೆಂದು ಹೊಟ್ಟೆ ತೆಗೆದು ತೋರಿಸಿ ಬಂದವಳು ನಾನು. ಅಕ್ಷತೆ ಹಾಕುವ ಹೊತ್ತಿಗೆ ಎಲ್ಲಿದ್ದೇನೆ ನೋಡಿ. ಅವ್ವನ ಮೇಲೆ, ಶಿರಾದ ಮೇಲೆ, ಮುಂಬೈಯ ಸರ್ಜನ್ನರ ಮೇಲೆ, ಎಲ್ಲರ ಮೇಲೂ ಸಿಟ್ಟು ಉಕ್ಕಿತು.

ಹೊರಗೆ ಬಳೆಯ ಸದ್ದಾಯಿತು. ತಟ್ಟಿಯ ಸಂದಿಯಲ್ಲಿ ಹೊಸ ಇಳಕಲ್ ಸೀರೆಯ ಅಂಚು ಕಂಡಿತು. ಅವ್ವ ಇನ್ನೊಂದು ಚರಿಗೆ ನೀರು ಒಳಗೆ ಸರಿಸಿ, ಬೆನ್ನು ಮಾಡಿ ಅಡ್ಡ ನಿಂತಳು.

"ಅವ್ವಾ, ನೀ ಯಾಕ ಬಂದಿ? ಹೋಗ ಬೇ, ಅಕ್ಕಿಕಾಳ ಬೀಳಾಕತ್ತಾವ!"

"ಬೀಳ್ಲಿ ಬಿಡ. ಅಲ್ಲಿ ಹಾಕಾಕ ಊರಮಂದಿ ಐತಿ. ಇಲ್ಲಿ ಯಾರದಾರ?"

ಬಾಜಾ ನಿಂತಿತು. ಜನ ಗಲಗಲ ಮಾತಾಡುತ್ತ ಊಟದ ಕಡೆ ಹೊರಟದ್ದು ಕೇಳಿಸಿತು. ಅವಳು ಅಲುಗಲಿಲ್ಲ. ಆ ಕಡೆಗೇ ಮುಖ ಮಾಡಿಕೊಂಡು ಕೇಳಿದಳು.

"ತುಪ್ಪ ಭಾಳ ಆಗಿತ್ತೇನ?"

"ಭಾಳ ಆಗಿತ್ತು."

"ನಿನ್ನ ಸಲುವಾಗಿ ಬ್ಯಾರೆ ಮಾಡಿದ್ದೆ," ಎಂದಳು ಅವ್ವ. "ಕಡಿಮಿನ ಹಾಕಿದ್ನೆಲ್ಲ."